ಎರಡು ಚುಕ್ಕಿ, ಮೂರು ಚುಕ್ಕಿ: ಕಮಿಟ್ ಇತಿಹಾಸವನ್ನು ಪ್ರಶ್ನಿಸುವ ಭಾಷೆ ಬೆಳೆದ ಬಗೆ

2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ ತಂಡಕ್ಕೆ, ಕೋಡಿನ ಬದಲಾವಣೆಗಳ ಇತಿಹಾಸ ಕಾಪಿಡುವ ಬಿಟ್‌ಕೀಪರ್ ತಂತ್ರಾಂಶದ ಉಚಿತ ಬಳಕೆ ಕೈತಪ್ಪಿತು. ಕೆಲವೇ ದಿನಗಳ ಅಂತರದಲ್ಲಿ ಅದೇ ಕೆಲಸಕ್ಕೆ ಲಿನಸ್ ಟೊರ್ವಾಲ್ಡ್ಸ್ ಗಿಟ್ ಆರಂಭಿಸಿದರು, ಮ್ಯಾಟ್ ಮ್ಯಾಕಾಲ್ ಮರ್ಕ್ಯುರಿಯಲ್ ಆರಂಭಿಸಿದರು. ಎರಡರಲ್ಲೂ ಪೂರ್ಣ ಕ್ಲೋನ್ (ಕೋಡ್ ಭಂಡಾರದ ನಕಲು) ಎಂದರೆ ಇಡೀ ಇತಿಹಾಸ ನಮ್ಮ ಡಿಸ್ಕಿನಲ್ಲೇ ಇದ್ದಂತೆ. ಆಷಾಢದ ಮಳೆಗೆ ಹೊಸನಗರ, ತೀರ್ಥಹಳ್ಳಿ ಕಡೆ ನೆಟ್‌ವರ್ಕ್ ಹೋದರೂ ಹಳೆಯ ಕಮಿಟ್‌ಗಳನ್ನು, ಅಂದರೆ ದಾಖಲಾದ ಒಂದೊಂದು ಬದಲಾವಣೆಯನ್ನು, ಜಾಲಾಡಬಹುದು.

ಗಿಟ್ ಹಿಡಿದದ್ದು ಚುಟುಕು ಸಂಕೇತಗಳ ದಾರಿ. ಹೆಡ್ ಎಂದರೆ ಈಗ ನಾವಿರುವ ಕಮಿಟ್, ಪೋಷಕ ಎಂದರೆ ಅದರ ಹಿಂದಿನ ಕಮಿಟ್. ಹೆಡ್~2 ಎಂದರೆ ಮೊದಲ ಪೋಷಕರ ಜಾಡಿನಲ್ಲಿ ಎರಡು ಹೆಜ್ಜೆ ಹಿಂದೆ. ಹೆಡ್^2 ಎಂದರೆ ಮರ್ಜ್ ಕಮಿಟ್‌ನ (ಎರಡು ಕವಲುಗಳನ್ನು ಕೂಡಿಸುವ ಕಮಿಟ್) ಎರಡನೇ ಪೋಷಕ. ಹೆಚ್ಚು ಜನ ಎಡವುವುದು ಚುಕ್ಕಿಗಳಲ್ಲಿ. ಮೇನ್ ಮುಖ್ಯ ಕವಲು, ಫೀಚರ್ ಹೊಸ ಕೆಲಸದ ಕವಲು ಎಂದುಕೊಳ್ಳಿ. ಕಮಿಟ್‌ಗಳ ಪಟ್ಟಿ ಕೊಡುವ ಲಾಗ್‌ನಲ್ಲಿ ಮೇನ್..ಫೀಚರ್ ಎಂದರೆ ಫೀಚರ್‌ನಲ್ಲಿದ್ದು ಮೇನ್‌ನಲ್ಲಿಲ್ಲದ ಕಮಿಟ್‌ಗಳು. ಅದೇ ಎರಡು ಚುಕ್ಕಿಯನ್ನು ವ್ಯತ್ಯಾಸ ತೋರಿಸುವ ಡಿಫ್‌ಗೆ ಕೊಟ್ಟರೆ ಎರಡೂ ತುದಿಗಳ ನೇರ ಹೋಲಿಕೆ ಬರುತ್ತದೆ. ಮೇನ್‌ಗೆ ಆಮೇಲೆ ಸೇರಿದ ಸಾಲುಗಳನ್ನು ಫೀಚರ್ ಅಳಿಸಿಹಾಕಿದಂತೆ ಕಾಣುತ್ತದೆ. ರಿವ್ಯೂಗೆ ಬೇಕಾದದ್ದು ಮೇನ್...ಫೀಚರ್. ಅದು ಕವಲೊಡೆದ ಕಮಿಟ್‌ನಿಂದ ಲೆಕ್ಕ ಹಿಡಿಯುತ್ತದೆ.

2010ರ ಜುಲೈನಲ್ಲಿ ಬಂದ ಮರ್ಕ್ಯುರಿಯಲ್ 1.6 'ರೆವ್‌ಸೆಟ್' ಎಂಬ ಪೂರ್ಣ ಪ್ರಶ್ನೆಭಾಷೆಯನ್ನೇ ತಂದಿತು. ನಮ್ಮ ದೃಷ್ಟಿಯಲ್ಲಿ ಈ ಇತಿಹಾಸದ ದೊಡ್ಡ ತಿರುವು ಇದೇ. ಶಿವಮೊಗ್ಗದ ಅಡಿಕೆ ಮಂಡಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ರಾಶಿ, ಬೆಟ್ಟೆ ಬಗೆಯ ಅಡಿಕೆಯ ದರ ಸರಿಯಿದ್ದು ಗೊರಬಲು ದರ ಮಾತ್ರ ತಪ್ಪುತ್ತಿದೆ ಎಂದಿಟ್ಟುಕೊಳ್ಳಿ. ಫೈಲ್("ದರ/**") ಅಂಡ್ ಡೇಟ್(">2024-06-01") ಅಂಡ್ ನಾಟ್ ಮರ್ಜ್() ಎಂದರೆ ಅನುಮಾನಿಸಬೇಕಾದ ಕಮಿಟ್‌ಗಳಷ್ಟೇ ಉಳಿಯುತ್ತವೆ. ಇಡೀ ಪ್ರಶ್ನೆಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲವಾದರೆ ಆವರಣ ಚಿಹ್ನೆ ಕಂಡ ಕೂಡಲೇ ನಮ್ಮ ಆದೇಶಗಳನ್ನು ಓದುವ ಬ್ಯಾಷ್ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ.

ಇಲ್ಲಿಯೂ ಒಂದು ಗುಂಡಿಯಿದೆ. ಎ::ಬಿ ವಂಶಾವಳಿ ನೋಡುತ್ತದೆ: ಎ ಕಮಿಟ್‌ನಿಂದ ಹುಟ್ಟಿ ಬಿ ತಲುಪುವವು ಮಾತ್ರ. ಎ:ಬಿ ನೋಡುವುದು ಸ್ಥಳೀಯ ಕ್ರಮಸಂಖ್ಯೆ, ನಡುವೆ ಬೇರೆ ಕವಲಿನ ಕಮಿಟ್‌ಗಳೂ ನುಸುಳುತ್ತವೆ. ಆ ಸಂಖ್ಯೆ ಕ್ಲೋನ್‌ನಿಂದ ಕ್ಲೋನ್‌ಗೆ ಬದಲಾಗುವುದರಿಂದ ಸಾಗರದ ಲ್ಯಾಪ್‌ಟಾಪಿನಲ್ಲಿ ಬಂದ ಉತ್ತರ ಶಿವಮೊಗ್ಗದಲ್ಲಿ ಬರದೇ ಹೋಗಬಹುದು.

2019ರಲ್ಲಿ ಗೂಗಲ್ ಇಂಜಿನಿಯರೊಬ್ಬರ ಹವ್ಯಾಸವಾಗಿ ಶುರುವಾದ ಜುಜುತ್ಸು ಎಂಬ ಇಂಥದೇ ಸಾಧನ, ರೆವ್‌ಸೆಟ್ ಭಾಷೆಯನ್ನು ಗಿಟ್ ಭಂಡಾರಗಳಿಗೂ ತಂದಿದೆ.

ಯಾವ ಭಾಷೆಯಾದರೂ ಡಿಸ್ಕಿನಲ್ಲಿಲ್ಲದ ಇತಿಹಾಸವನ್ನು ಹುಡುಕಲಾರದು. ಡೇಟಾ ಉಳಿಸಲೆಂದು ಮಲೆನಾಡಿನ ನಿಧಾನದ ನೆಟ್‌ನಲ್ಲಿ ಡೆಪ್ತ್ 1 ಕೊಟ್ಟು ಗಿಟ್ ಕ್ಲೋನ್ ಮಾಡಿದರೆ ಕೊನೆಯ ಕಮಿಟ್ ಒಂದೇ ಬರುತ್ತದೆ. ಆಮೇಲೆ ಇನ್ನೊಂದು ಕವಲನ್ನೂ ಹೀಗೇ ಇಳಿಸಿಕೊಂಡು ಮೂರು ಚುಕ್ಕಿಯ ಡಿಫ್ ಕೇಳಿದರೆ 'ಮರ್ಜ್ ಬೇಸ್ (ಕವಲೊಡೆದ ಕಮಿಟ್) ಇಲ್ಲ' ಎಂಬ ಉತ್ತರ. ಕಮಿಟ್‌ಗಳನ್ನು ಇಳಿಸಿಕೊಳ್ಳುವ ಫೆಚ್‌ಗೆ ಅನ್‌ಶಾಲೋ ಆಯ್ಕೆ ಕೊಟ್ಟರೆ ಉಳಿದ ಕಮಿಟ್‌ಗಳು ಬರುತ್ತವೆ. ಮೊದಲೇ ಫಿಲ್ಟರ್=ಬ್ಲಾಬ್:ನನ್ (ಬ್ಲಾಬ್ ಎಂದರೆ ಫೈಲಿನ ಒಳಗಿನ ವಿಷಯ) ಎಂದು ಕ್ಲೋನ್ ಮಾಡುವುದು ಇನ್ನೂ ಒಳ್ಳೆಯದು: ಕಮಿಟ್‌ಗಳೆಲ್ಲ ಇಳಿಯುತ್ತವೆ, ಲೇಖಕ, ದಿನಾಂಕದ ಹುಡುಕಾಟಕ್ಕೆ ನೆಟ್ ಬೇಡ; ಹಳೆಯ ಫೈಲಿನ ಒಳಗೆ ಇಣುಕುವಾಗ ಮಾತ್ರ ಬೇಕು.