ಓದುಗರ ಪ್ರಶ್ನೆ: ಆಪರೇಷನ್‌ಗೆ ಮೊದಲು ಆಸೆ ತೀರುವಷ್ಟು ತಿಂದುಬಿಡಬಹುದಾ?

"ಮೇಡಂ, ಬರುವ ತಿಂಗಳು ನನಗೆ ತೂಕ ಇಳಿಸುವ ಆಪರೇಷನ್. ಆಮೇಲೆ ಹೇಗೂ ಏನೂ ತಿನ್ನಲಿಕ್ಕಿಲ್ಲ. ಈಗಲೇ ಒಮ್ಮೆ ಕೋರಿರೊಟ್ಟಿ, ಗಡ್‌ಬಡ್ ಐಸ್‌ಕ್ರೀಮ್ ಎಲ್ಲ ಹೊಟ್ಟೆ ತುಂಬ ತಿಂದು ಆಸೆ ತೀರಿಸಿಕೊಂಡರೆ ಆಮೇಲೆ ನೆನಪಾಗುವುದಿಲ್ಲ ಅಲ್ವಾ?"

ಈ ಸಲ ಪ್ರಶ್ನೆ ಬಂದದ್ದು ಸುರತ್ಕಲ್‌ನಿಂದ. ಹೋದ ತಿಂಗಳು ಕಾಪುವಿನಿಂದ ಬಂದಿತ್ತು. ಅದಕ್ಕೂ ಮೊದಲು ಬಂಟ್ವಾಳದವರು ಕೇಳಿದ್ದರು, ಅವರದ್ದು ಗಡ್‌ಬಡ್ ಬದಲು ಬಿರಿಯಾನಿ, ಅಷ್ಟೇ ವ್ಯತ್ಯಾಸ. ಡಯಟೀಶಿಯನ್ ಆಗಿ ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟೆನೋ ನನಗೇ ಲೆಕ್ಕವಿಲ್ಲ. ಇವತ್ತು ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಬೇಡ ಮಾರಾಯ್ರೆ. ತಿನ್ನಬೇಡಿ.

ಈ ಯೋಚನೆ ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತುಂಟು. ಬಸುರಿಗೆ ಬಯಕೆ ಮಾಡಿ ಬಡಿಸುವವರು ನಾವು. ತೀರಿಹೋದವರ ಎಲೆಗೂ ಅವರಿಗೆ ಇಷ್ಟವಿದ್ದದ್ದನ್ನೇ ಹಾಕುತ್ತೇವೆ. ಆಸೆಯನ್ನು ಒಮ್ಮೆ ತೀರಿಸಿದರೆ ಅದು ಸುಮ್ಮನಾಗುತ್ತದೆ ಎನ್ನುವುದು ನಮ್ಮ ರಕ್ತದಲ್ಲೇ ಬಂದಿದೆ. ನಾಲಗೆಯ ಆಸೆ ಮಾತ್ರ ಈ ಮಾತು ಕೇಳುವುದಿಲ್ಲ. ಅಂಗಳಕ್ಕೆ ಬಂದ ಬೆಕ್ಕಿಗೆ ಒಂದು ಬೂತಾಯಿಯ ತಲೆ ಹಾಕಿ ನೋಡಿ. ಸಾಕು ಅಂತ ಊರು ಬಿಟ್ಟು ಹೋಗುತ್ತದಾ? ನಾಳೆ ನೀವು ಮೀನು ಕೊಯ್ಯಲು ಕೂರುವ ಹೊತ್ತಿಗೆ ಸರಿಯಾಗಿ ಬಂದು ಕಾಯುತ್ತಿರುತ್ತದೆ. ಆಪರೇಷನ್‌ಗೆ ಮೊದಲಿನ ಹದಿನೈದು ದಿನ ದಿನಕ್ಕೊಂದು ಗಡ್‌ಬಡ್ ತಿಂದವರು ಆ ಬೆಕ್ಕಿಗೆ ದಿನಾ ಮೀನು ಹಾಕಿದ ಹಾಗೆ. ಕೆಲವು ವಾರ ಒಂದು ತಿಂಡಿಯಿಂದ ದೂರ ಇದ್ದರೆ ಅದರ ಸೆಳೆತ ಕಡಿಮೆಯಾಗುವುದೇ ಜಾಸ್ತಿ. ಮೊದಲ ಕೆಲವು ದಿನ ಮಾತ್ರ ಜೋರು.

ಇದು ನಾಲಗೆಯ ಕಥೆ. ಲಿವರಿನ ಕಥೆ ಇದಕ್ಕಿಂತ ಮುಖ್ಯ.

ಆಪರೇಷನ್‌ಗೆ ಮೊದಲು ಸಾಮಾನ್ಯವಾಗಿ ಎರಡು ವಾರ ಪಥ್ಯ ಕೊಡುತ್ತಾರೆ. ದಿನಕ್ಕೆ ಸುಮಾರು 800ರಿಂದ 1000 ಕ್ಯಾಲೊರಿ. ಅನ್ನ, ಸಕ್ಕರೆ ತೀರಾ ಕಡಿಮೆ, ಪ್ರೋಟೀನ್ ಜಾಸ್ತಿ. "ಹೇಗೂ ಆಪರೇಷನ್‌ನಲ್ಲಿ ತೂಕ ಇಳಿಯುತ್ತದಲ್ಲ, ಈಗ ಯಾಕೆ ಈ ಶಿಕ್ಷೆ?" ಅಂತ ಕೇಳುತ್ತಾರೆ. ಕಾರಣ ಉಂಟು. ಲಿವರಿನ ಎಡಭಾಗ ಜಠರದ ಮೇಲೆ ಕವುಚಿಕೊಂಡಿರುತ್ತದೆ. ಸಣ್ಣ ತೂತುಗಳಿಂದ ಮಾಡುವ ಆಪರೇಷನ್ ಇದು. ಜಠರ ಕಾಣಬೇಕಾದರೆ ಸರ್ಜನ್ ಆ ಲಿವರನ್ನು ಮೆಲ್ಲ ಎತ್ತಿ ಹಿಡಿಯಬೇಕು. ತೂಕ ಜಾಸ್ತಿ ಇದ್ದವರ ಲಿವರ್ ಹೆಚ್ಚಾಗಿ ಕೊಬ್ಬು ತುಂಬಿ ದೊಡ್ಡದಾಗಿರುತ್ತದೆ. ಎತ್ತಲು ಕಷ್ಟ, ತಾಗಿದರೆ ರಕ್ತ ಬರುತ್ತದೆ. ಇದರ ಜೊತೆಗೆ ಅನ್ನ, ಸಕ್ಕರೆಯಿಂದ ಬಂದ ಗ್ಲೂಕೋಸನ್ನು ಲಿವರ್ ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಪಥ್ಯ ಶುರುವಾದೊಡನೆ ಮೊದಲು ಈ ದಾಸ್ತಾನು ಖಾಲಿ, ಆಮೇಲೆ ಕೊಬ್ಬು ಕರಗುತ್ತದೆ, ಲಿವರ್ ಕುಗ್ಗುತ್ತದೆ.

ಈಗ ಹೇಳಿ, ಹಿಂದಿನ ವಾರ ಆಸೆ ತೀರಿಸಿಕೊಂಡವರು ಯಾರ ಕೈಯನ್ನು ಕಟ್ಟಿಹಾಕಿದ ಹಾಗಾಯಿತು?

ಪಥ್ಯದ ಮೊದಲ ಮೂರು ನಾಲ್ಕು ದಿನ ತಲೆನೋವು, ಸಿಡುಕು ಬರಬಹುದು. ಆಮೇಲೆ ದೇಹ ಕೊಬ್ಬು ಸುಡಲು ಒಗ್ಗಿಕೊಂಡು ಹಸಿವೆ ತಣ್ಣಗಾಗುತ್ತದೆ. ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಶುರು ಮಾಡುವ ಮೊದಲು ಡೋಸ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಇಲ್ಲದಿದ್ದರೆ ಶುಗರ್ ಇಳಿದು ಬಿದ್ದುಬಿಡುತ್ತೀರಿ.

ಇನ್ನು "ಆಮೇಲೆ ಏನೂ ತಿನ್ನಲಿಕ್ಕಿಲ್ಲ" ಎನ್ನುವ ಮಾತು. ಅದೂ ಸರಿಯಲ್ಲ. ದ್ರವ, ನುಣ್ಣಗೆ ಅರೆದದ್ದು, ಮೆತ್ತಗಿನದ್ದು ಎಂದು ಹಂತ ಹಂತವಾಗಿ ಸಾಗಿ, ಸುಮಾರು ಎರಡು ತಿಂಗಳ ಹೊತ್ತಿಗೆ ಹೆಚ್ಚಿನವರು ಮನೆಯ ಊಟಕ್ಕೇ ಬರುತ್ತಾರೆ. ಕೋರಿರೊಟ್ಟಿಯೂ ಒಂದು ದಿನ ಬರುತ್ತದೆ. ಆಗ ಮೊದಲು ಕೋಳಿ ತುಂಡು, ಜಾಗ ಉಳಿದರೆ ಮಾತ್ರ ರೊಟ್ಟಿ.

ತೂಕ ಇಳಿಸುವ ಆಪರೇಷನ್‌ನಲ್ಲಿ ಬೇರೆ ಬೇರೆ ಬಗೆ ಉಂಟು. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ತೆಗೆಯುತ್ತಾರೆ. ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಹಿಡಿದ ಮೇಲೆಯೇ ನಮಗೆ ಈ ಲೆಕ್ಕ ಅರ್ಥವಾದದ್ದು. ಹಾಗಾಗಿ ಮೊದಲ ಕೆಲವು ತಿಂಗಳು ಹಸಿವೆಯೇ ಇರುವುದಿಲ್ಲ ಎನ್ನುವವರು ತುಂಬಾ ಜನ. ಕೆಲವರಿಗೆ ರುಚಿಯೂ ಬದಲಾಗುತ್ತದೆ. ಮೀನು ಬೇಯುವ ವಾಸನೆಗೇ ಎದ್ದು ಹೋಗುವ ಮೊಗವೀರ ಹೆಂಗಸನ್ನೂ ನಾನು ನೋಡಿದ್ದೇನೆ, ಪಾಪ.

ಆದರೆ ಆಪರೇಷನ್ ಆದದ್ದು ಹೊಟ್ಟೆಗೆ, ತಲೆಗೆ ಅಲ್ಲ. ಮಳೆ ಹಿಡಿದ ಸಂಜೆ ನಾಲ್ಕು ಗಂಟೆಗೆ ಪಕ್ಕದ ಹೋಟೆಲಿನಿಂದ ಗೋಳಿಬಜೆಯ ಪರಿಮಳ ಬಂದರೆ ಗ್ರೆಲಿನ್ ಇಲ್ಲದಿದ್ದರೂ ಕಾಲು ಆ ಕಡೆ ಹೋಗುತ್ತದೆ. ಆಗ ಒಂದು ಕೆಲಸ ಮಾಡಿ. ಸಪ್ಪೆ ಹೆಸರುಕಾಳು ಕೊಟ್ಟರೆ ತಿನ್ನುತ್ತೇನಾ ಅಂತ ಕೇಳಿಕೊಳ್ಳಿ. ಹೌದಾದರೆ ಹಸಿವೆ, ತಿನ್ನಿ. ಗೋಳಿಬಜೆಯೇ ಬೇಕೆಂದರೆ ಆಸೆ. ಬೇರೆ ಕೆಲಸಕ್ಕೆ ಎದ್ದು ಹದಿನೈದು ಇಪ್ಪತ್ತು ನಿಮಿಷ ದೂಡಿ, ಹೆಚ್ಚಾಗಿ ಇಳಿಯುತ್ತದೆ. ಆರು ತಿಂಗಳು, ವರ್ಷ ಕಳೆದಂತೆ ಹಸಿವೆಯೂ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಆಪರೇಷನ್ ಫೇಲ್ ಆಯಿತು ಅಂತ ಆಗ ನನಗೆ ರಾತ್ರಿ ಫೋನ್ ಮಾಡಬೇಡಿ.

ಗಡ್‌ಬಡ್ ವಿಷಯದಲ್ಲಿ ಇನ್ನೊಂದು ಮಾತು. ಸಣ್ಣ ಜಠರ ಕೋಳಿ ತುಂಡನ್ನು ತಡೆಯುತ್ತದೆ, ಕರಗುವ ಐಸ್‌ಕ್ರೀಮನ್ನು ತಡೆಯುವುದಿಲ್ಲ. ಅದು ಸುಮ್ನೆ ಜಾರಿ ಹೋಗುತ್ತದೆ, ಲೆಕ್ಕಕ್ಕೇ ಸಿಗುವುದಿಲ್ಲ. ಜಠರದ ಬೈಪಾಸ್ (ಜಠರವನ್ನು ಸಣ್ಣದು ಮಾಡಿ ಕರುಳಿಗೆ ನೇರ ಜೋಡಿಸುವ ಇನ್ನೊಂದು ಬಗೆ, ಹೃದಯದ್ದಲ್ಲ) ಆದ ಕೆಲವರಿಗೆ ಸಿಹಿ ತಿಂದು 10ರಿಂದ 30 ನಿಮಿಷದಲ್ಲಿ ಬೆವರು, ಎದೆ ಡವಡವ, ಭೇದಿ ಶುರುವಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ಅದೇ ನನ್ನನ್ನು ಕಾಯುತ್ತದೆ ಅಂತ ನಂಬಿ ಕೂರಬೇಡಿ.

ಯಾರೂ ಕೇಳದಿದ್ದರೂ ಗಂಜಿಯ ಬಗ್ಗೆ ಹೇಳಿಬಿಡುತ್ತೇನೆ. ಕೇಳುವುದಿಲ್ಲ ಯಾಕೆಂದರೆ ಗಂಜಿಯಲ್ಲಿ ತಪ್ಪಿರಬಹುದು ಅಂತ ನಮ್ಮ ಊರಲ್ಲಿ ಯಾರಿಗೂ ಅನಿಸುವುದೇ ಇಲ್ಲ. ಜ್ವರಕ್ಕೆ ಗಂಜಿ, ಬೇಸರಕ್ಕೆ ಗಂಜಿ. ಪಥ್ಯದ ಚೀಟಿಯಲ್ಲಿ ದ್ರವಾಹಾರ ಅಂತ ಕಂಡ ಕೂಡಲೇ ಅಜ್ಜಿ ಕುಚ್ಚಲಕ್ಕಿ ಬೇಯಲಿಡುತ್ತಾರೆ. ಗಂಜಿ ಹಗುರ ಇರಬಹುದು, ಆದರೆ ಅದು ಅಕ್ಕಿ. ಅಕ್ಕಿ ಎಂದರೆ ಪಿಷ್ಟ, ಪಿಷ್ಟ ಎಂದರೆ ಮತ್ತೆ ಅದೇ ಗ್ಲೈಕೋಜನ್. ಬೊಂಡದ ನೀರಿನಲ್ಲೂ ಸಕ್ಕರೆ ಉಂಟು. ಆಪರೇಷನ್ ಆದ ಮೇಲೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಇರುವ ಚೂರು ಜಾಗವನ್ನು ಗಂಜಿಗೆ ಕೊಟ್ಟರೆ ಮೊಟ್ಟೆ, ಮೀನು, ಬೇಳೆಗೆ ಜಾಗ ಎಲ್ಲಿ? ಅಜ್ಜಿಗೆ ಬೇಸರ ಆಗುತ್ತದೆ ಎಂದಾದರೆ ನೀರುಮಜ್ಜಿಗೆ ಮಾಡಿಕೊಡಲು ಹೇಳಿ. ಉಪ್ಪಿನಕಾಯಿ ಬೇಡ.