ಬಂದವರ ಲೆಕ್ಕ ಸಿಗುತ್ತದೆ, ಹೋದವರದ್ದು?

ಒಂದು ವರ್ಷದಲ್ಲಿ ಎಷ್ಟು ಮಂದಿ ದೇಶ ಬಿಟ್ಟರು? ಅವರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ವಯಸ್ಸೆಷ್ಟು? ಕೇಳುವುದು ಸುಲಭ. ಉತ್ತರ ಮಾತ್ರ ಇವತ್ತಿಗೂ ಗೋಜಲು.

1885ರಲ್ಲೇ ಭೂಗೋಳತಜ್ಞ ರಾವೆನ್‌ಸ್ಟೀನ್ ಬ್ರಿಟನ್ನಿನ ಜನಗಣತಿ ಹಿಡಿದು ಒಂದು ಮಾತು ಹೇಳಿದ್ದರು: ದೇಶದೊಳಗೆ ಹೆಂಗಸರ ಓಡಾಟವೇ ಜಾಸ್ತಿ, ಗಡಿ ದಾಟುವವರಲ್ಲಿ ಗಂಡಸರು ಹೆಚ್ಚು. ಆಮೇಲೆ ಎರಡು ಮಹಾಯುದ್ಧ ನಡೆದವು, ಪಾಸ್‌ಪೋರ್ಟ್, ವೀಸಾ ಬಂದವು. ಎಣಿಕೆ ಮಾತ್ರ ಅಷ್ಟೇನೂ ಸುಧಾರಿಸಲಿಲ್ಲ.

1981ರಲ್ಲಿ ಆಸ್ಟ್ರಿಯಾದ ಸಂಶೋಧನಾ ಸಂಸ್ಥೆಯೊಂದರಿಂದ ರೋಜರ್ಸ್ ಮತ್ತು ಕ್ಯಾಸ್ಟ್ರೊ ಎಂಬ ಸಂಶೋಧಕರು ಯಾವ ವಯಸ್ಸಿನಲ್ಲಿ ಎಷ್ಟು ವಲಸೆ ಎಂದು ಒಂದು ಗೆರೆ ಎಳೆದು ತೋರಿಸಿದರು. ಎಳೆ ಮಕ್ಕಳಲ್ಲಿ ವಲಸೆ ಹೆಚ್ಚು, ಏಕೆಂದರೆ ಅಪ್ಪ ಅಮ್ಮ ಹೊರಟರೆ ಮಕ್ಕಳೂ ಹೊರಡಬೇಕಲ್ವಾ? ಹದಿಹರೆಯದಲ್ಲಿ ಗೆರೆ ಇಳಿಯುತ್ತದೆ, 20ರ ಆಸುಪಾಸಿನಲ್ಲಿ ನೆಟ್ಟಗೆ ಏರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಕೆಲವು ಕಡೆ ನಿವೃತ್ತಿಯ ಹೊತ್ತಿಗೆ ಸಣ್ಣದೊಂದು ಗುಡ್ಡ. ಚೆಂದದ ಗೆರೆ. ತೊಂದರೆ ಅಂದರೆ, ಅಂಕಿಅಂಶವೇ ಇಲ್ಲದ ದೇಶಗಳಿಗೂ ಇದನ್ನೇ ಎರವಲು ತಂದು ಕೂರಿಸಲಾಯಿತು. ದುಡಿಯಲು ಹೊರಡುವ ಗಂಡಸು, ಕುಟುಂಬದ ಜೊತೆ ಬರುವ ಹೆಂಗಸು ಎಂಬ ಊಹೆ ಹೀಗೆ ಎಷ್ಟೋ ಲೆಕ್ಕಗಳಲ್ಲಿ ಸದ್ದಿಲ್ಲದೆ ಕೂತುಬಿಟ್ಟಿತು. ಒಬ್ಬಳೇ ದುಡಿಯಲು ಹೋದ ನರ್ಸ್ ಅಥವಾ ಮನೆಗೆಲಸದವಳಿಗೆ ಅದರಲ್ಲಿ ಜಾಗ ಕಡಿಮೆ.

ಅಸಲಿ ಕಗ್ಗಂಟು ಇರುವುದು ಹೊರಹೋದವರ ಎಣಿಕೆಯಲ್ಲಿ. ಬಂದವರಿಗೆ ಹೆಸರು ನೋಂದಾಯಿಸಿದರೆ ಲಾಭ ಇದೆ: ಕೆಲಸ, ಮನೆ, ಆಸ್ಪತ್ರೆ. ಹೋಗುವವರು ಸುಮ್ನೆ ಹೋಗುತ್ತಾರೆ. ಕನಿಷ್ಠ 12 ತಿಂಗಳು ವಾಸ ಬದಲಿಸಿದವರೇ ದೀರ್ಘಾವಧಿ ವಲಸಿಗರು ಎಂದು ವಿಶ್ವಸಂಸ್ಥೆ 1998ರಲ್ಲಿ ಶಿಫಾರಸು ಮಾಡಿತು. ಆದರೂ ಪೋಲೆಂಡ್ ತನ್ನ ದಾಖಲೆಯಲ್ಲಿ ಬಹುಕಾಲ ಶಾಶ್ವತವಾಗಿ ಹೊರಟವರನ್ನಷ್ಟೇ ಎಣಿಸಿತು. ಪೋಲೆಂಡಿನಿಂದ ಬಂದವರೆಂದು ಜರ್ಮನಿ ಬರೆದುಕೊಂಡ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು. ಪಯಣ ಒಂದೇ, ಲೆಕ್ಕ ಎರಡು.

2001ರ ಬ್ರಿಟನ್ ಜನಗಣತಿಯಲ್ಲಿ ಇದರ ಪೆಟ್ಟು ನೇರವಾಗಿ ಕಂಡಿತು. ಮೊದಲಿನ ಅಂದಾಜಿಗಿಂತ 9–10 ಲಕ್ಷ ಜನ ಕಡಿಮೆ. ಕೊರತೆ ಎದ್ದು ಕಂಡದ್ದು ಯುವಕರಲ್ಲಿ. ದಾಖಲಾಗದೆ ವಿದೇಶಕ್ಕೆ ಹೋಗಿರಬೇಕು ಅಂದರು ಕೆಲವರು. ಗಣತಿಗೇ ಸಿಕ್ಕಿಲ್ಲ ಅಂದರು ಇನ್ನು ಕೆಲವರು. ಕೊನೆಗೆ ಒಂದಿಷ್ಟು ಗಂಡಸರನ್ನು ಲೆಕ್ಕಕ್ಕೆ ಮರಳಿ ಸೇರಿಸಲಾಯಿತು.

ಅತಿ ಹೆಚ್ಚು ಓಡಾಡುವ ವಯಸ್ಸಿನವರೇ ಎಣಿಕೆಯಿಂದ ಅತಿ ಹೆಚ್ಚು ತಪ್ಪಿಸಿಕೊಳ್ಳುತ್ತಾರೆ. 2020ರಲ್ಲಿ ಹುಟ್ಟಿದ ದೇಶದ ಆಚೆ ಸುಮಾರು 28.1 ಕೋಟಿ ಜನ ಇದ್ದರು, ಅವರಲ್ಲಿ ಹೆಂಗಸರು ಸುಮಾರು 48% ಎಂದು ಆಗ ಅಂದಾಜಿಸಿತ್ತು ವಿಶ್ವಸಂಸ್ಥೆ. ಇದು ನೆಲೆಸಿದವರ ಲೆಕ್ಕ, ಆ ವರ್ಷ ಹೊರಟವರದ್ದಲ್ಲ. ಹೊರಟವರನ್ನು ಊಹಿಸಲು ಈಗ ಎರಡೂ ದೇಶದ ದಾಖಲೆಗಳನ್ನು ಬೆಸೆದು, ಒಂದೇ ಸಂಖ್ಯೆಯ ಬದಲು ಇಷ್ಟರಿಂದ ಇಷ್ಟರೊಳಗೆ ಎಂದು ಹೇಳುವ ವಿಧಾನಗಳಿವೆ. ಪತ್ರಿಕೆ ತಲೆಬರಹಕ್ಕೆ ಮಾತ್ರ ನಡುವಿನ ಒಂದೇ ಸಂಖ್ಯೆ ಹೋಗುತ್ತದೆ.