ಬಿ.ಕಾಂ. ಆದ ಮೇಲೆ ಮಾಡುವ ಮೂರು ವರ್ಷದ ಎಲ್‌ಎಲ್‌ಬಿಗೆ ಬೆಲೆ ಇಲ್ಲವೇ?

ಪ್ರಶ್ನೆ: ಸರ್, ಮಗಳು ಈ ವರ್ಷ ಬಿ.ಕಾಂ. ಮುಗಿಸಿದಳು. ಲಾ ಓದಬೇಕು ಅಂತಾಳೆ. ಮಂಗಳೂರಿನಲ್ಲೇ ಸೀಟ್ ಸಿಗಬಹುದು. ಆದರೆ ಡಿಗ್ರಿ ಆದ ಮೇಲೆ ಮಾಡುವ ಮೂರು ವರ್ಷದ ಎಲ್‌ಎಲ್‌ಬಿಗೆ ಈಗ ಬೆಲೆ ಇಲ್ಲವಂತೆ. ಪಿಯುಸಿ ಆದ ಕೂಡಲೇ ಐದು ವರ್ಷದ್ದು ಮಾಡಿದವರಿಗೆ ಮಾತ್ರ ಮುಂದೆ ಜಡ್ಜ್ ಆಗಲು ಅವಕಾಶ ಉಂಟು ಅಂತ ನಮ್ಮ ಭಾವ ಹೇಳುತ್ತಾರೆ. ಹೌದಾ? – ಬಂಟ್ವಾಳದ ಓದುಗರೊಬ್ಬರು

ಉತ್ತರ: ಅಲ್ಲ. ನಿಮ್ಮ ಭಾವ ಹೇಳಿದ್ದು ತಪ್ಪು. ಮಗಳನ್ನು ಧೈರ್ಯವಾಗಿ ಸೇರಿಸಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರತಿ ವರ್ಷ ರಿಸಲ್ಟ್ ಬರುವ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ. ಒಮ್ಮೆ ಕಾರ್ಕಳದಿಂದ, ಇನ್ನೊಮ್ಮೆ ಕುಂದಾಪುರದಿಂದ. ಹೇಳಿದವರು ಭಾವನ ಬದಲು ಚಿಕ್ಕಪ್ಪ ಆಗಿರುತ್ತಾರೆ, ಇಲ್ಲವೇ ಪಕ್ಕದ ಮನೆಯ ಮಾಸ್ಟ್ರು. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹಾಗಂತ ಬಿಡುವ ಹಾಗೂ ಇಲ್ಲ. ಈ ಒಂದು ಮಾತು ಕೇಳಿ ಅರ್ಜಿ ಹಾಕದೆ ಉಳಿದ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರು ಒಳ್ಳೆಯ ವಕೀಲರಾಗುತ್ತಿದ್ದರು. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಕಾನೂನಿನಲ್ಲಿ ಏನಿದೆ ಅಂತ ನೋಡೋಣ. ಯಾರು ವಕೀಲರಾಗಬಹುದು ಅಂತ ಹೇಳುವುದು 1961ರ ವಕೀಲರ ಕಾಯ್ದೆ. ಅದರ 24ನೇ ಕಲಂ ಓದಿ. 1967ರ ಮಾರ್ಚ್ 12ರ ನಂತರ ಕಾನೂನು ಪದವಿ ಪಡೆದವರು ಮೂರು ವರ್ಷದ ಕಾನೂನು ವ್ಯಾಸಂಗ ಮಾಡಿರಬೇಕು ಅಂತ ಅಲ್ಲೇ ಬರೆದಿದೆ. ಬೆಲೆ ಇಲ್ಲ ಅಂತ ಹೇಳುತ್ತಾರಲ್ಲ, ಆ ಮೂರು ವರ್ಷದ ಓದೇ ಕಾಯ್ದೆಯ ಒಳಗೆ ಕೂತಿದೆ. ಐದು ವರ್ಷದ ಕೋರ್ಸ್ ಆಮೇಲೆ ಬಂದದ್ದು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಎರಡಕ್ಕೂ ಜಾಗ ಇದೆ. ಡಿಗ್ರಿ ಆದವರಿಗೆ ಮೂರು ವರ್ಷ, ಪಿಯುಸಿ ಆದವರಿಗೆ ಐದು ವರ್ಷ. ಒಂದು ಮೇಲು, ಒಂದು ಕೀಳು ಅನ್ನುವ ಮಾತು ಎಲ್ಲಿಯೂ ಇಲ್ಲ.

ಓದು ಮುಗಿದ ಮೇಲೆ ಇಬ್ಬರೂ ಹೋಗುವುದು ಬೆಂಗಳೂರಿನ ಅದೇ ರಾಜ್ಯ ವಕೀಲರ ಪರಿಷತ್ತಿಗೆ. ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಒಂದೇ. ಆಮೇಲೆ ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆಯೂ ಒಂದೇ. ಮಂಗಳೂರಿನ ಕೋರ್ಟಿನಲ್ಲಿ ವಕಾಲತ್ತು ಹಾಕುವಾಗ ‘ನೀವು ಮೂರು ವರ್ಷದವರೋ, ಐದು ವರ್ಷದವರೋ’ ಅಂತ ಯಾವ ಶಿರಸ್ತೇದಾರರೂ ಕೇಳುವುದಿಲ್ಲ. ಕಕ್ಷಿದಾರರಂತೂ ಮೊದಲೇ ಕೇಳುವುದಿಲ್ಲ.

ಇನ್ನು ಜಡ್ಜ್ ವಿಷಯ. ಇಲ್ಲೇ ಜಾಸ್ತಿ ಗೊಂದಲ. ವಕೀಲರಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಸಂವಿಧಾನದ 233ನೇ ವಿಧಿ ಕೇಳುವುದು ಏಳು ವರ್ಷದ ವಕೀಲಿಕೆ. ಹೈಕೋರ್ಟಿಗೆ 217ನೇ ವಿಧಿಯ ಪ್ರಕಾರ ಹತ್ತು ವರ್ಷ. ಕೋರ್ಟಿನಲ್ಲಿ ಎಷ್ಟು ವರ್ಷ ಕೆಲಸ ಮಾಡಿದಿರಿ ಅನ್ನುವುದು ಅಲ್ಲಿನ ಪ್ರಶ್ನೆ. ಕಾಲೇಜಿನಲ್ಲಿ ಎಷ್ಟು ವರ್ಷ ಕೂತಿರಿ ಅನ್ನುವುದಲ್ಲ.

ನಮ್ಮ ಊರಿನದ್ದೇ ಉದಾಹರಣೆ ಇರುವಾಗ ದೂರ ಹೋಗುವುದು ಯಾಕೆ? ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು. ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಬಿ.ಕಾಂ. ಮಾಡಿದರು. ನಿಮ್ಮ ಮಗಳ ಹಾಗೆಯೇ! ಆಮೇಲೆ ಮಂಗಳೂರು ಕೊಡಿಯಾಲಬೈಲಿನ ಎಸ್‌ಡಿಎಂ ಕಾನೂನು ಕಾಲೇಜಿನಲ್ಲಿ ಎಲ್‌ಎಲ್‌ಬಿ. 1983ರಲ್ಲಿ ವಕೀಲರಾದರು, 2003ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ. 2017ರಲ್ಲಿ ಯಾವ ಹೈಕೋರ್ಟಿಗೂ ಮುಖ್ಯ ನ್ಯಾಯಮೂರ್ತಿ ಆಗದೆ ನೇರ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನದ ಹಕ್ಕಿನ ತೀರ್ಪು, ಅಯೋಧ್ಯೆ ತೀರ್ಪು ಕೊಟ್ಟ ಪೀಠಗಳಲ್ಲಿ ಅವರು ಇದ್ದರು. 2023ರ ಜನವರಿಯಲ್ಲಿ ನಿವೃತ್ತರಾಗಿ ಆಂಧ್ರಪ್ರದೇಶದ ರಾಜ್ಯಪಾಲರಾದರು. ಬಿ.ಕಾಂ., ಅದರ ಮೇಲೆ ಎಲ್‌ಎಲ್‌ಬಿ. ನಿಮ್ಮ ಮಗಳು ಹಿಡಿಯಬೇಕೆಂದಿರುವ ದಾರಿ ಇದೇ ಅಲ್ವಾ?

‘ಅದು ಆಗಿನ ಕಾಲ, ಈಗ ಹಾಗಿಲ್ಲ’ ಅಂತ ತಕ್ಷಣ ಹೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಆಗ ಹೆಚ್ಚಿನವರು ಡಿಗ್ರಿ ಆದ ಮೇಲೆಯೇ ಲಾ ಓದುತ್ತಿದ್ದರು ಅನ್ನುವುದು ನಿಜ. ಐದು ವರ್ಷದ ಕೋರ್ಸಿಗೆ ಹೆಸರು ತಂದುಕೊಟ್ಟದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಅಲ್ಲಿ ಪಾಠ ಶುರುವಾದದ್ದು 1988ರಲ್ಲಿ. ‘ಲಾ ಅಂದ್ರೆ ಐದು ವರ್ಷ’ ಅನ್ನುವ ಭಾವನೆ ಬೆಳೆದದ್ದು ಆಮೇಲೆ. ಆದರೆ ಅದೇ ಶಾಲೆ 2022ರಲ್ಲಿ ಏನು ಮಾಡಿತು ಗೊತ್ತಾ? ಡಿಗ್ರಿ ಆದವರಿಗಾಗಿ ಹೊಸದಾಗಿ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿತು! ಬೆಲೆ ಇಲ್ಲದ ಕೋರ್ಸನ್ನು ದೇಶದ ದೊಡ್ಡ ಹೆಸರಿನ ಕಾನೂನು ಶಾಲೆ 34 ವರ್ಷದ ಮೇಲೆ ಹೊಸದಾಗಿ ಯಾಕೆ ತೆರೆಯುತ್ತದೆ? ಇದನ್ನು ನಿಮ್ಮ ಭಾವನಿಗೆ ತಪ್ಪದೆ ಓದಿ ಹೇಳಿ.

ಈ ಸುದ್ದಿ ಹಬ್ಬಿದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ನನ್ನ ಲೆಕ್ಕದಲ್ಲಿ ಎರಡು ಸುದ್ದಿಗಳು ಬೆರೆತುಹೋಗಿವೆ. ಒಂದು 2024ರ ಏಪ್ರಿಲ್‌ನದು. ಪಿಯುಸಿ ಆದ ಕೂಡಲೇ ಮೂರು ವರ್ಷದಲ್ಲಿ ಎಲ್‌ಎಲ್‌ಬಿ ಮುಗಿಸುವ ಹಾಗೆ ಮಾಡಬೇಕು ಅಂತ ಒಂದು ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟ್ ಅದನ್ನು ಪುರಸ್ಕರಿಸಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನಮ್ಮೂರಿಗೆ ಬಂದು ಮುಟ್ಟುವಾಗ ಅದು ‘ಮೂರು ವರ್ಷದ ಲಾ ಕ್ಯಾನ್ಸಲ್’ ಆಗಿತ್ತು. ಡಿಗ್ರಿ ಆದವರ ಕೋರ್ಸಿಗೂ ಆ ಅರ್ಜಿಗೂ ಸಂಬಂಧವೇ ಇರಲಿಲ್ಲ. ಆ ಪೀಠದಲ್ಲಿದ್ದ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೂ ಬಿ.ಎ. ಮುಗಿಸಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಬಿ ಓದಿದವರು.

ಇನ್ನೊಂದು 2025ರ ಮೇ 20ರ ತೀರ್ಪು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವವರಿಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಾಲೇಜಿನಿಂದ ಹೊರಗೆ ಬಂದ ಕೂಡಲೇ ಪರೀಕ್ಷೆ ಬರೆದು ಜಡ್ಜ್ ಆಗುವುದು ಬೇಡ, ಮೊದಲು ಕೋರ್ಟ್ ನೋಡಿ ಅನ್ನುವುದು ಅದರ ಅರ್ಥ. ಆ ನಿಯಮ ಐದು ವರ್ಷ ಓದಿದವರಿಗೂ ಒಂದೇ. ‘ಮೂರು ವರ್ಷ’, ‘ಜಡ್ಜ್’, ‘ಆಗುವುದಿಲ್ಲ’ ಎಂಬ ಮೂರು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಮುಂದಿನ ಕಥೆ ತಾನಾಗಿಯೇ ಹುಟ್ಟುತ್ತದೆ. ಮಗಳು ಆ ಪರೀಕ್ಷೆ ಬರೆಯುವ ವರ್ಷ ಹೈಕೋರ್ಟಿನ ಅಧಿಸೂಚನೆಯನ್ನು ಅವಳೇ ಕೂತು ಓದಲಿ. ಸುದ್ದಿಯ ತಲೆಬರಹ ನಂಬುವುದು ಬೇಡ.

ಹಾಗಾದರೆ ಎರಡು ಕೋರ್ಸುಗಳ ನಡುವೆ ವ್ಯತ್ಯಾಸವೇ ಇಲ್ವಾ? ಇದೆ. ಪಿಯುಸಿ ಆದ ಕೂಡಲೇ ಲಾ ಬೇಕು ಅಂತ ಗೊತ್ತಿದ್ದವರಿಗೆ ಐದು ವರ್ಷದ್ದು ಒಂದು ವರ್ಷ ಉಳಿಸುತ್ತದೆ. ಮೂರು ವರ್ಷ ಡಿಗ್ರಿ, ಮೂರು ವರ್ಷ ಲಾ ಅಂದರೆ ಆರು. ಇಂಟರ್ನ್‌ಶಿಪ್ ಕೂಡ ಅವರಿಗೆ ಒಟ್ಟು 20 ವಾರ, ಮೂರು ವರ್ಷದವರಿಗೆ 12 ವಾರ. ಆದರೆ 17-18 ವರ್ಷಕ್ಕೆ ಎಷ್ಟು ಮಕ್ಕಳಿಗೆ ತಮಗೆ ಏನು ಬೇಕು ಅಂತ ಗೊತ್ತಿರುತ್ತದೆ? ಐದು ವರ್ಷದ ಕೋರ್ಸನ್ನು ಮೂರನೇ ವರ್ಷಕ್ಕೆ ಬಿಟ್ಟರೆ ಬಿ.ಎ. ಅಂತ ಒಂದು ಸರ್ಟಿಫಿಕೇಟ್ ಕೊಡುವುದಿಲ್ಲ. ಹಾಗೆ ಅರ್ಧಕ್ಕೆ ಒಡೆದು ಪದವಿ ಕೊಡಬಾರದು ಅಂತಲೇ ನಿಯಮ ಇದೆ. ಹಾಗೆಯೇ ಬಿ.ಕಾಂ. ಆಗಿದೆ ಅಂತ ಐದು ವರ್ಷದ ಕೋರ್ಸಿನ ಮಧ್ಯಕ್ಕೆ ಹೋಗಿ ಸೇರುವ ಹಾಗೂ ಇಲ್ಲ. ಡಿಗ್ರಿ ಕೈಯಲ್ಲಿ ಇಟ್ಟುಕೊಂಡು ಲಾ ಶುರು ಮಾಡಿದವರಿಗೆ ಈ ಭಯ ಇಲ್ಲ. ಅದರಲ್ಲೂ ಬಿ.ಕಾಂ. ಓದಿದವರು ಕಂಪನಿ ಕಾನೂನು, ತೆರಿಗೆ, ಚೆಕ್ ಬೌನ್ಸ್ ಕೇಸುಗಳ ಲೆಕ್ಕಪತ್ರಕ್ಕೆ ಬೇರೆಯವರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ. ಇದು ನಾನು ಪ್ರತಿ ಬ್ಯಾಚಿನಲ್ಲೂ ನೋಡಿ ಖುಷಿಪಟ್ಟದ್ದು.

ಬೆಂಗಳೂರು, ಮುಂಬೈಯ ದೊಡ್ಡ ಲಾ ಫರ್ಮ್‌ಗಳು ಕ್ಯಾಂಪಸ್ಸಿಗೇ ಬಂದು ಕೆಲಸ ಕೊಡುವುದು ಹೆಚ್ಚಾಗಿ ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ. ಅದು ಕಾಲೇಜಿನ ಹೆಸರಿನ ವಿಷಯ, ವರ್ಷಗಳ ಲೆಕ್ಕದ್ದಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಹಳೆಯದು ಉಡುಪಿ ಕುಂಜಿಬೆಟ್ಟಿನ ವೈಕುಂಠ ಬಾಳಿಗಾ ಕಾನೂನು ಕಾಲೇಜು, 1957ರದ್ದು. ಮಂಗಳೂರಿನ ಎಸ್‌ಡಿಎಂ 1974ರದ್ದು. ಎರಡರಲ್ಲೂ ಎರಡೂ ಬಗೆಯ ಕೋರ್ಸ್ ಇದೆ. ಮೊದಲು ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆದ ಮೇಲೆ ಅದಕ್ಕೆ ಸೇರಿದವು. ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಹುಬ್ಬಳ್ಳಿಯವರು. ಆ ವಿಶ್ವವಿದ್ಯಾಲಯಕ್ಕೆ ನವನಗರದಲ್ಲಿ ತನ್ನದೇ ಕಾನೂನು ಶಾಲೆಯೂ ಇದೆ. ಅಲ್ಲಿಯ ಐದು ವರ್ಷದ ಕೋರ್ಸ್ ಹಾನರ್ಸ್ ಪದವಿಯದ್ದು.

ನಮ್ಮ ಈ ಕಾಲೇಜುಗಳಿಗೆ ಸೇರಲು ಕ್ಲಾಟ್ ಬರೆಯಬೇಕಾಗಿಲ್ಲ. ಅದು ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ. ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಅಂಕ ಇರಬೇಕು ಅಂತ ಪರಿಷತ್ತಿನ ನಿಯಮ. ಅಂಚೆಯ ಮೂಲಕ ಎಲ್‌ಎಲ್‌ಬಿ ಮಾಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ, ಅದರಿಂದ ಸನ್ನದು ಸಿಗುವುದಿಲ್ಲ. ನಿಯಮದಲ್ಲಿ ಶೇ 70 ಹಾಜರಿ ಇದೆ, ಹಾಗಾಗಿ ಬ್ಯಾಂಕ್ ಕೆಲಸ ಮಾಡುತ್ತಾ ಪಕ್ಕದಲ್ಲಿ ಲಾ ಅನ್ನುವ ಯೋಚನೆಯೂ ಕಷ್ಟ. ಸನ್ನದಿಗೆ ಸಾವಿರಾರು ರೂಪಾಯಿ ಬೇಕು ಅಂತ ಹೆದರುವವರಿಗೆ ಒಂದು ಒಳ್ಳೆ ಸುದ್ದಿ. ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ನೋಂದಣಿ ಶುಲ್ಕ ತೆಗೆದುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಅಂದರೆ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ. ನನಗೆ ಅದೇ ಹೆಚ್ಚು ಮುಖ್ಯ ಅನಿಸುತ್ತದೆ. ಮೂರೋ ಐದೋ ವರ್ಷ ಓದಿ ಬಂದ ಹುಡುಗಿಗೆ ನಮ್ಮೂರ ಸಿವಿಲ್ ಕೋರ್ಟಿನ ಕಡತ ಅರ್ಥವಾಗುತ್ತದಾ?

ಕರಾವಳಿಯ ಆಸ್ತಿ ಕೇಸುಗಳೇ ಬೇರೆ. ಒಂದು ಪಾಲುಪಟ್ಟಿ ದಾವೆ ತೆರೆದರೆ ಅಳಿಯಸಂತಾನ ಬರುತ್ತದೆ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಪದ್ಧತಿ. ಕುಟುಂಬ, ಅದರ ಕವಲಾದ ಕವರು ಬರುತ್ತದೆ. ಮದ್ರಾಸ್ ಕಾಲದ 1949ರ ಅಳಿಯಸಂತಾನ ಕಾಯ್ದೆ ನೋಡಬೇಕು. ಅದನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಂ ಜೊತೆ ಇಟ್ಟು ಓದಬೇಕು. ಅಜ್ಜಿಯ ಪಾಲು ಯಾರಿಗೆ ಹೋಯಿತು ಅಂತ ಹೇಳಲು, ಅವರು ಯಾವ ವರ್ಷ ತೀರಿಕೊಂಡರು ಅನ್ನುವುದೂ ಬೇಕು. ಪಕ್ಕದ ಕಡತದಲ್ಲಿ ಮೂಲಗೇಣಿ ಚೀಟು, ಅಂದರೆ ಶಾಶ್ವತ ಗೇಣಿಯ ಪತ್ರ, ಇರುತ್ತದೆ. ಅದು ಶಾಶ್ವತವಲ್ಲದ ಚಾಲಗೇಣಿಯ ಹಾಗಲ್ಲ. ಚಾಲಗೇಣಿಯ ಒಕ್ಕಲುಗಳು ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಮಾಡಿಕೊಂಡರು. ಮೂಲಗೇಣಿಯವರ ಹಕ್ಕಿಗೆ ರಾಜ್ಯ ಸರ್ಕಾರ 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಘಟ್ಟದ ಮೇಲಿನ ಪುಸ್ತಕ ಓದಿ ಬಂದವರಿಗೆ ಇದು ಹೊಸ ಲೋಕ.

ಇದನ್ನು ಯಾವ ಕೋರ್ಸೂ ಪೂರ್ತಿ ಕಲಿಸುವುದಿಲ್ಲ. ಕಲಿಯುವ ಜಾಗ ಹಿರಿಯ ವಕೀಲರ ಆಫೀಸು. ಹಾಗಾಗಿ ಮಗಳು ಆ 12 ವಾರದ ಇಂಟರ್ನ್‌ಶಿಪ್ಪನ್ನು ಸರ್ಟಿಫಿಕೇಟಿಗಾಗಿ ಮಾಡುವುದು ಬೇಡ. ಅದರಲ್ಲಿ ಒಂದಷ್ಟು ವಾರವನ್ನಾದರೂ ಬಂಟ್ವಾಳದಲ್ಲೋ ಮಂಗಳೂರಿನಲ್ಲೋ ಸಿವಿಲ್ ಕೇಸು ನಡೆಸುವ ಹಳೆಯ ವಕೀಲರ ಹತ್ತಿರ ಕಳೆಯಲಿ. ಹಳೆಯ ಕಡತ ಕೇಳಿ ತೆಗೆಸಿಕೊಳ್ಳಲಿ. ಅಡಂಗಲ್ (ಹಳೆಯ ಜಮೀನು ದಾಖಲೆ), ಪಹಣಿ, ಗೇಣಿಚೀಟು, ಪಾಲುಪಟ್ಟಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಓದಲಿ. ಹಳೆಯ ದಸ್ತಾವೇಜಿನ ಮೋಡಿ ಅಕ್ಷರ (ಕೂಡಿಸಿ ಬರೆಯುವ ಹಳೆಯ ಬರಹ) ಓದಲು ಬರುವವರು ಕಡಿಮೆಯಾಗಿದ್ದಾರೆ. ಬರುವವರು ಸಿಕ್ಕರೆ ಬಿಡದೆ ಕಲಿಯಲಿ.

ಭಾಷೆಗೂ ಹೆದರಬೇಡಿ. ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಪೂರ್ತಿ ಕನ್ನಡದಲ್ಲಿ ಬರೆಯಬಹುದು. ಬಾರ್ ಪರೀಕ್ಷೆಯೂ ಕನ್ನಡದಲ್ಲಿ ಇದೆ. ಜಿಲ್ಲೆಯ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರ ಮಾತು ಕನ್ನಡ, ಎಷ್ಟೋ ಸಲ ತುಳು. ಆದರೆ ಹೈಕೋರ್ಟಿನ ತೀರ್ಪುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕು. ಬಿ.ಕಾಂ. ಮುಗಿಸಿದ ಹುಡುಗಿಗೆ ದಿನಕ್ಕೊಂದು ತೀರ್ಪು ಓದುವ ಅಭ್ಯಾಸ ಆದರೆ ಮೊದಲ ವರ್ಷದಲ್ಲೇ ಅದು ಬರುತ್ತದೆ.

ಅರ್ಜಿಯ ಕೊನೆಯ ದಿನಾಂಕವನ್ನು ಕಾಲೇಜಿನ ಆಫೀಸಿಗೇ ಹೋಗಿ ವಿಚಾರಿಸಿ. ಡಿಗ್ರಿಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ ಎಲ್ಲವನ್ನೂ ಈಗಲೇ ಒಂದು ಫೈಲಿನಲ್ಲಿ ಹಾಕಿಡಿ.